ಹರೆಯಕ್ಕೆ ಕಾಲಿಡುವ ಮಕ್ಕಳಿಗೆ ತಿಳಿಯಹೇಳುವ ಬಗೆ

ಮಗುವಿಗೆ ಕಾಲಕಾಲಕ್ಕೆ ಚುಚ್ಚುಮದ್ದು ಹಾಕಿಸುವುದು, ಒಂದು ಹೆರಿಗೆಗೂ ಇನ್ನೊಂದು ಹೆರಿಗೆಗೂ ನಡುವೆ ಅಂತರವಿರಿಸುವುದು, ಗರ್ಭಿಣಿಗೆ ಪುಷ್ಟಿಕರವಾದ ಆಹಾರವನ್ನು ಒದಗಿಸುವುದು, ಇವೆಲ್ಲ ಕುಟುಂಬ ಕಲ್ಯಾಣದ ಅಂಗಗಳೆಂಬುದನ್ನು ನಮ್ಮ ಹಳ್ಳಿಗಳ ದಂಪತಿಗಳು ಇಂದು ಚೆನ್ನಾಗಿ ಬಲ್ಲರು. ಆದರೆ ಅದೇ ಮಗು ಹತ್ತನೆಯ ವಯಸ್ಸನ್ನು ದಾಟಿತೆಂದರೆ ಅದರ ಆರೋಗ್ಯದ ಮಾತು ಮನೆಯಲ್ಲಿ ನಿಂತುಹೋಗುತ್ತದೆ. ಜ್ವರ ಬಂದರೆ ಆಸ್ಪತ್ರೆಗೆ ಕರೆತರುತ್ತಾರೆ, ನಿಜ. ಅದರ ದೇಹದಲ್ಲಿ ಆಗುತ್ತಿರುವ ಮಾರ್ಪಾಡುಗಳ ಬಗ್ಗೆಯಾಗಲಿ, ಮನಸ್ಸಿನಲ್ಲಿ ಏಳುತ್ತಿರುವ ಪ್ರಶ್ನೆಗಳ ಬಗ್ಗೆಯಾಗಲಿ ಯಾರೂ ಬಾಯಿ ತೆರೆಯುವುದಿಲ್ಲ. ಹತ್ತರಿಂದ ಹತ್ತೊಂಬತ್ತು ವರ್ಷಗಳವರೆಗಿನ ಈ ಅವಧಿಗೆ ಹದಿಹರೆಯವೆಂದು ಹೆಸರು. ಮುಂದೆ ಗಂಡಹೆಂಡಿರಾಗಿ, ತಂದೆತಾಯಿಗಳಾಗಿ ಬಾಳತಕ್ಕವರ ದೇಹಬಲವೂ ನಡತೆಯೂ ಬಹುಮಟ್ಟಿಗೆ ಈ ಅವಧಿಯಲ್ಲಿಯೇ ರೂಪುಗೊಳ್ಳುವುದರಿಂದ ಈ ಮೌನದಿಂದಾಗುವ ಹಾನಿ ಸಣ್ಣದಲ್ಲ.

ನಮ್ಮ ರೂಢಿಯನ್ನೇ ನೋಡಿರಿ. ಹೆಣ್ಣುಮಗು ಮೈನೆರೆದಳೆಂದರೆ ನೆಂಟರಿಷ್ಟರಿಗೆಲ್ಲ ಹೇಳಿಕಳುಹಿಸುತ್ತೇವೆ. ಸೋದರಮಾವನನ್ನು ಕರೆಸಿ ಹಸಿರು ಸೊಪ್ಪಿನ ಗುಡಿಸಲು ಹಾಕಿಸುವುದೂ, ಹಸೆಯ ಮೇಲೆ ಕುಳ್ಳಿರಿಸಿ ಆರತಿ ಎತ್ತುವುದೂ, ಚಿಗಳಿ, ಕೊಬ್ಬರಿ, ಬೆಲ್ಲಗಳನ್ನು ತಿನ್ನಿಸುವುದೂ ಹಲವು ಕಡೆ ಇಂದಿಗೂ ಉಂಟು. ಕೇರಿಗೆಲ್ಲ ತಿಳಿಯುವ ಈ ಸುದ್ದಿಯ ಅರ್ಥವೇನೆಂಬುದು ಮಾತ್ರ ಹಸೆಯ ಮೇಲೆ ತಲೆತಗ್ಗಿಸಿ ಕುಳಿತ ಹುಡುಗಿಗೆ ತಿಳಿದಿರುವುದಿಲ್ಲ! ಮೊದಲ ದಿನ ರಕ್ತವನ್ನು ಕಂಡು, ತನಗೆ ಯಾವುದೋ ಕೆಟ್ಟ ರೋಗ ಬಂದಿದೆಯೆಂದು ಹೆದರಿ ಅತ್ತ ಹುಡುಗಿಯರನ್ನು ವೈದ್ಯರಾದ ನಾವು ಅನೇಕ ಬಾರಿ ಕಂಡಿದ್ದೇವೆ. ಈ ಭೀತಿಯನ್ನು ತಪ್ಪಿಸಲು ಔಷಧ ಬೇಕಿಲ್ಲ. ತಾಯಿಯು ಒಂದು ಸಂಜೆ ಬಿಡುವು ಮಾಡಿಕೊಂಡು ಆಡುವ ನಾಲ್ಕು ಮಾತು ಸಾಕು.

ಆ ಮಾತನ್ನು ಆಡಬೇಕಾದುದು ಮೈನೆರೆದ ಮೇಲಲ್ಲ, ಅದಕ್ಕಿಂತ ಮೊದಲು. ಎದೆಯ ಭಾಗ ಬೆಳೆಯತೊಡಗಿದ ಎರಡು ಮೂರು ವರ್ಷಗಳಲ್ಲಿ ಸಾಮಾನ್ಯವಾಗಿ ಮೊದಲ ಮುಟ್ಟು ಕಾಣಿಸಿಕೊಳ್ಳುತ್ತದೆ. ಹನ್ನೆರಡು ಹದಿಮೂರನೆಯ ವಯಸ್ಸಿಗೆ ಆಗುವುದೇ ಹೆಚ್ಚಾದರೂ ಕೆಲವರಿಗೆ ಹತ್ತಕ್ಕೇ ಆಗಬಹುದು. ಆದುದರಿಂದ ಒಂಬತ್ತು ಹತ್ತು ವರ್ಷದವಳಿರುವಾಗಲೇ ತಿಳಿಯಹೇಳುವುದು ಯುಕ್ತ. ಹೇಳಬೇಕಾದುದು ಇಷ್ಟೆ: ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಗರ್ಭಕೋಶವೆಂಬ ಅಂಗವಿದೆ. ಅದರ ಇಕ್ಕೆಲಗಳಲ್ಲಿ ಅಂಡಾಶಯಗಳಿದ್ದು, ಸಾಮಾನ್ಯವಾಗಿ ತಿಂಗಳಿಗೊಂದು ಅಂಡ ಬಲಿತು ಹೊರಬರುತ್ತದೆ. ಗರ್ಭ ನಿಂತರೆ ಆಸರೆಯಾಗಲೆಂದು ಗರ್ಭಕೋಶದ ಒಳಪದರವು ದಪ್ಪವಾಗಿ ಸಿದ್ಧಗೊಳ್ಳುತ್ತದೆ. ಗರ್ಭ ನಿಲ್ಲದಿದ್ದಾಗ ಆ ಪದರ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು. ಇದರಲ್ಲಿ ನಂಜೂ ಇಲ್ಲ, ಮೈಲಿಗೆಯೂ ಇಲ್ಲ. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಹಜ. ಆದರೆ ಸ್ರಾವವು ಏಳು ದಿನಗಳನ್ನು ಮೀರಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದಷ್ಟು ಹೋದರೆ, ಅಥವಾ ಹದಿನೈದು ವರ್ಷ ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಮುಟ್ಟಾದವಳನ್ನು ಹೊರಗೆ ಕೂರಿಸುವ ಪದ್ಧತಿ ನಮ್ಮ ಕೆಲವು ಊರುಗಳಲ್ಲಿ ಇನ್ನೂ ಅಳಿದಿಲ್ಲ. ಮಳೆಯಲ್ಲಿ, ಚಳಿಯಲ್ಲಿ, ಹಾವುಹುಳುಗಳ ನಡುವೆ ಮಗುವನ್ನು ಮಲಗಿಸುವುದರಿಂದ ಯಾವ ದೇವರು ಪ್ರಸನ್ನನಾಗುವನೋ ನಾನರಿಯೆ. ರೋಗಗಳಿಗೆ ಮಾತ್ರ ಅನುಕೂಲವಾಗುತ್ತದೆ. ಬಟ್ಟೆಯನ್ನು ಉಪಯೋಗಿಸುವವರು ಹತ್ತಿಯ ಬಟ್ಟೆಯನ್ನೇ ಬಳಸಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ, ಸೋಪಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಯಿಂದ ಕತ್ತಲೆಯ ಮೂಲೆಯಲ್ಲಿ ಬಚ್ಚಿಟ್ಟ ಬಟ್ಟೆ ಒಣಗುವುದಿಲ್ಲ. ಅದು ತುರಿಕೆಗೂ ಸೋಂಕಿಗೂ ಎಡೆಮಾಡುತ್ತದೆ.

ಇನ್ನು ರಕ್ತಹೀನತೆಯ ವಿಚಾರ. ಇದು ನೋವಿಲ್ಲದೆ, ಸದ್ದಿಲ್ಲದೆ ಬರುವ ಕಾಯಿಲೆಯಾದುದರಿಂದ ತಂದೆತಾಯಿಗಳ ಕಣ್ಣಿಗೆ ಬೀಳುವುದೇ ಕಡಿಮೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷ ವಯಸ್ಸಿನ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿಯೂ, ಹುಡುಗರ ಪೈಕಿ ನೂರಕ್ಕೆ 31 ಮಂದಿಯೂ ರಕ್ತಹೀನರಾಗಿದ್ದರು. ಹುಡುಗಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು 12 ಗ್ರಾಂಗಿಂತ ಕಡಿಮೆಯಾಗಬಾರದು. ಪ್ರತಿ ತಿಂಗಳ ಮುಟ್ಟಿನಲ್ಲಿಯೂ ಸುಮಾರು 15ರಿಂದ 20 ಮಿಲಿಗ್ರಾಂ ಕಬ್ಬಿಣದ ಅಂಶ ದೇಹದಿಂದ ಹೋಗುತ್ತದೆ. ಅದೇ ಸಮಯದಲ್ಲಿ ದೇಹವು ಬೇಗಬೇಗ ಬೆಳೆಯುತ್ತಲೂ ಇರುತ್ತದೆ. ಆರತಿಯ ವಾರದಲ್ಲಿ ತಿನ್ನಿಸಿದ ಕೊಬ್ಬರಿ ಬೆಲ್ಲವು ಏಳೆಂಟು ವರ್ಷಗಳ ಈ ನಷ್ಟವನ್ನು ತುಂಬಿಕೊಡಲಾರದು. ‘ಓದಿನಲ್ಲಿ ಮನಸ್ಸಿಲ್ಲ, ಸೋಮಾರಿ’ ಎಂದು ಬೈಸಿಕೊಳ್ಳುವ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಒಮ್ಮೆ ಬಿಡಿಸಿ ನೋಡಿರಿ. ಅದು ಬಿಳಿಚಿಕೊಂಡಿದ್ದರೆ ಬೈಗುಳದ ಬದಲು ರಕ್ತಪರೀಕ್ಷೆ ಮಾಡಿಸಿರಿ.

ಹುರುಳಿ, ಅಲಸಂದೆ, ಸೊಪ್ಪು, ಮೊಟ್ಟೆ, ಮಾಂಸ, ಮೀನು ಇವುಗಳನ್ನು ಮನೆಯಲ್ಲಿ ಗಂಡಸರಿಗೆ ಬಡಿಸಿ ಉಳಿದುದನ್ನು ಹೆಣ್ಣುಮಕ್ಕಳಿಗೆ ಹಾಕುವ ಅಭ್ಯಾಸ ಹೋಗಬೇಕು. ಊಟದೊಡನೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದೊಡನೆ ಕುಡಿಯುವ ಕಾಫಿ, ಚಹಾಗಳು ಅದಕ್ಕೆ ಅಡ್ಡಿ ಮಾಡುತ್ತವೆ. ಹದಿಹರೆಯದವರಿಗೆಂದು ಸರ್ಕಾರವು ಶಾಲೆಗಳ ಮೂಲಕವೂ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯ ಮೂಲಕವೂ ವಾರಕ್ಕೊಂದರಂತೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಇದನ್ನು ಊಟದ ನಂತರ ನುಂಗಬೇಕು. ಮಲ ಕಪ್ಪಾಗುವುದರಿಂದ ಅಪಾಯವಿಲ್ಲ. ಈ ಮಾತ್ರೆಯಿಂದ ಮುಂದೆ ಮಕ್ಕಳಾಗುವುದಿಲ್ಲವೆಂಬ ವದಂತಿ ಅಲ್ಲಲ್ಲಿ ಕೇಳಿಬರುತ್ತದೆ. ಅದು ಶುದ್ಧ ಸುಳ್ಳು. ಕೊಕ್ಕೆಹುಳು ಕರುಳಿನಲ್ಲಿ ನೆಲೆಸಿ ರಕ್ತ ಹೀರುವುದರಿಂದ ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು. ಮಕ್ಕಳು ಚಪ್ಪಲಿ ಮೆಟ್ಟದೆ ಬಯಲಿಗೆ ಹೋಗಬಾರದು.

ಹೀಗೆ ರಕ್ತಹೀನಳಾದ ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ ಗರ್ಭ ನಿಂತರೆ ಎರಡು ಜೀವಗಳೂ ಅಪಾಯಕ್ಕೆ ಈಡಾಗುತ್ತವೆ. ಮೈನೆರೆದ ಮಾತ್ರಕ್ಕೆ ಹೆಣ್ಣು ಹೆರಲು ಸಿದ್ಧಳಾದಳೆಂದು ಭಾವಿಸುವುದು ದೊಡ್ಡ ತಪ್ಪು. ಮೊದಲ ಮುಟ್ಟಾದ ಮೇಲೂ ಕೆಲವು ವರ್ಷ ಸೊಂಟದ ಎಲುಬುಗೂಡು ಬೆಳೆಯುತ್ತಲೇ ಇರುತ್ತದೆ. ಹದಿಹರೆಯದ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ನಂಜಿನ ಸೆಳವು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಶಿಶು ಇವು ಹೆಚ್ಚು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಇಷ್ಟಾದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ, ದೇಶದ 20ರಿಂದ 24 ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 23 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಹದಿನೆಂಟು ತುಂಬಿ ಮದುವೆಯಾದವರೂ ಕೂಡಲೇ ಹೆರಬೇಕೆಂಬ ನಿಯಮವಿಲ್ಲ. ನಿರೋಧ್, ಮಾಲಾ-ಎನ್, ಛಾಯಾ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಸೊಸೆ ಮನೆಗೆ ಬಂದ ಮೂರು ತಿಂಗಳಿಗೇ ‘ಏನಾದರೂ ವಿಶೇಷವೇ’ ಎಂದು ವಿಚಾರಿಸುವ ಹಿರಿಯರು ಇದನ್ನು ಗಮನಿಸಬೇಕು.

ಗಂಡುಮಕ್ಕಳ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚು. ಧ್ವನಿ ಒಡೆಯುವುದು, ಮೀಸೆ ಚಿಗುರುವುದು ಎಲ್ಲರಿಗೂ ಕಾಣುತ್ತದೆ. ನಿದ್ರೆಯಲ್ಲಿ ವೀರ್ಯ ಸ್ಖಲನವಾಗುವುದು ಮಾತ್ರ ಆ ಹುಡುಗನೊಬ್ಬನ ಗುಟ್ಟಾಗಿ ಉಳಿಯುತ್ತದೆ. ಒಂದು ತೊಟ್ಟು ವೀರ್ಯಕ್ಕೆ ಹಲವಾರು ತೊಟ್ಟು ರಕ್ತ ನಷ್ಟವಾಗುತ್ತದೆಂಬ ಮಾತನ್ನು ಎಲ್ಲಿಂದಲೋ ಕೇಳಿ, ತಾನು ಕ್ಷೀಣಿಸುತ್ತಿದ್ದೇನೆಂದು ಕೊರಗಿ, ಗೋಡೆಬರಹದ ‘ಗುಪ್ತರೋಗ ತಜ್ಞ’ರಿಗೆ ಸಾವಿರಾರು ರೂಪಾಯಿ ತೆರುವ ಹುಡುಗರುಂಟು. ವೀರ್ಯವು ರಕ್ತದಿಂದ ಇಳಿದುಬರುವ ವಸ್ತುವಲ್ಲ. ಅದಕ್ಕೆಂದೇ ಇರುವ ಗ್ರಂಥಿಗಳಲ್ಲಿ ಅದು ಉತ್ಪತ್ತಿಯಾಗುತ್ತಿರುತ್ತದೆ. ಹೊರಹೋದರೆ ನಿಶ್ಶಕ್ತಿಯೇನೂ ಬರುವುದಿಲ್ಲ. ಈ ಮಾತನ್ನು ತಂದೆಯೇ ಮಗನಿಗೆ ಹೊಲದ ಬದುವಿನ ಮೇಲೆ ಕುಳಿತು ಹೇಳಬಹುದು. ಬೀಡಿ, ಹೊಗೆಸೊಪ್ಪು, ಮದ್ಯಗಳ ಬಗ್ಗೆ ಉಪದೇಶಿಸುವಾಗ ಮಾತ್ರ ತಂದೆಯ ಕೈಯಲ್ಲಿ ಬೀಡಿ ಇರಕೂಡದು. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲಿಯೇ ನಿಷೇಧಿಸಲಾಗಿದೆ.

‘ಇಂಥ ವಿಷಯಗಳನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಟ್ಟುಹೋಗುವುದಿಲ್ಲವೇ?’ ಎಂದು ವಾಚಕರಲ್ಲಿ ಕೆಲವರು ಕೇಳಿಯಾರು. ಮಕ್ಕಳ ಕೈಗೆ ಮೊಬೈಲ್ ಬಂದಿರುವ ಈ ಕಾಲದಲ್ಲಿ ಅವರು ತಿಳಿಯದೆ ಇರುವುದಿಲ್ಲ. ತಪ್ಪಾಗಿ ತಿಳಿಯುತ್ತಾರೆ, ಅಷ್ಟೆ. ಮಗಳು ಯಾರೊಡನೆಯೋ ಮಾತನಾಡಿದಳೆಂಬ ಸುದ್ದಿ ಬಂದೊಡನೆ ಶಾಲೆ ಬಿಡಿಸಿ ಮದುವೆ ಗೊತ್ತುಮಾಡುವವರುಂಟು. ಬಹುಪಾಲು ಬಾಲ್ಯವಿವಾಹಗಳ ಹಿಂದೆ ಬಡತನದಷ್ಟೇ ಈ ಭಯವೂ ಇರುತ್ತದೆಂಬುದು ನನ್ನ ಅಭಿಪ್ರಾಯ. ಬೈಗುಳಕ್ಕೆ ಹೆದರುವ ಮಗು ಮೊದಲು ಮುಚ್ಚಿಡುತ್ತದೆ, ಅನಂತರ ಓಡಿಹೋಗುತ್ತದೆ. ಹದಿನೆಂಟರೊಳಗಿನವರೊಡನೆ ಲೈಂಗಿಕ ಸಂಪರ್ಕವು, ಅವರ ಒಪ್ಪಿಗೆಯಿದ್ದರೂ, 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಮಗಳಿಗೂ ಮಗನಿಗೂ ಸಮಾಧಾನದಿಂದ ತಿಳಿಸಿರಿ. ಯಾರಾದರೂ, ಬಂಧುವೇ ಆಗಲಿ, ಮೈಮುಟ್ಟಿ ಪೀಡಿಸಿದರೆ ಮನೆಯಲ್ಲಿ ಹೇಳುವ ಧೈರ್ಯವನ್ನು ಚಿಕ್ಕಂದಿನಿಂದಲೇ ಕೊಡಿರಿ. ಅಂಥ ಸಮಯದಲ್ಲಿಯೂ, ಬಾಲ್ಯವಿವಾಹವನ್ನು ತಡೆಯಬೇಕಾದಾಗಲೂ 1098 ಎಂಬ ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ಕರೆಮಾಡಬಹುದು.

ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ತೋಚದಿದ್ದಲ್ಲಿ ಗದರಿಸದೆ, ‘ವಿಚಾರಿಸಿ ಹೇಳುತ್ತೇನೆ’ ಎಂದರೆ ಸಾಕು. ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳನ್ನು ತೆರೆಯಲಾಗಿದೆ, ಅಲ್ಲಿ ಸಲಹೆಗೂ ತಪಾಸಣೆಗೂ ಹಣ ಕೊಡಬೇಕಾಗಿಲ್ಲ. ಅಲ್ಲಿಗೆ ಮಗುವನ್ನು ಕರೆತಂದಾಗ ವೈದ್ಯರು ತಮ್ಮನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ಹೇಳಬಹುದು. ಇದಕ್ಕಾಗಿ ಬೇಸರಪಟ್ಟುಕೊಳ್ಳಬಾರದು. ತಂದೆತಾಯಿಗಳೆದುರು ಬಾಯಿಗೆ ಬಾರದ ಮಾತು ಆ ಹತ್ತು ನಿಮಿಷಗಳಲ್ಲಿ ಹೊರಬರುವುದುಂಟು.