ಉಸಿರಾಟದ ಯಂತ್ರ ಮತ್ತು ಮೂಗಿನ ಕೆಲಸ

ಮನುಷ್ಯನ ಮೂಗು ಒಳಬರುವ ಗಾಳಿಯನ್ನು ಸೋಸುವುದರ ಜೊತೆಗೆ ಅದನ್ನು ಬೆಚ್ಚಗಾಗಿಸಿ, ತೇವಗೊಳಿಸಿ ಶ್ವಾಸಕೋಶಕ್ಕೆ ಕಳುಹಿಸುತ್ತದೆ. 22 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ, ಶೇ. 50ರಷ್ಟು ಸಾಪೇಕ್ಷ ಆರ್ದ್ರತೆಯುಳ್ಳ, ಅಂದರೆ ತಾನು ಹಿಡಿದಿಡಬಲ್ಲ ನೀರಾವಿಯ ಅರ್ಧವನ್ನಷ್ಟೇ ಹೊತ್ತಿರುವ ಕೋಣೆಯ ಗಾಳಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಶ್ವಾಸನಾಳವು ಎರಡಾಗಿ ಕವಲೊಡೆಯುವ ಜಾಗವನ್ನು ದಾಟುವ ಹೊತ್ತಿಗೆ 37 ಡಿಗ್ರಿಗೆ ಬಿಸಿಯಾಗಿ, ಲೀಟರಿಗೆ 44 ಮಿಲಿಗ್ರಾಂ ನೀರಾವಿಯನ್ನು ತುಂಬಿಕೊಂಡಿರುತ್ತದೆ.

ಶ್ವಾಸನಾಳದ ಒಳಗೋಡೆಯ ಮೇಲೆ ಧೂಳನ್ನೂ ರೋಗಾಣುಗಳನ್ನೂ ಹಿಡಿದಿಡುವ ಲೋಳೆಯ ಪದರವಿದ್ದು, ಅದರ ಕೆಳಗಿರುವ ಸೂಕ್ಷ್ಮ ರೋಮಗಳು ಎಡೆಬಿಡದೆ ಬಡಿಯುತ್ತ ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಗಾಳಿ ಒಣಗಿದ್ದರೆ ಲೋಳೆ ಗಟ್ಟಿಯಾಗುತ್ತದೆ, ರೋಮಗಳ ಚಲನೆ ಕುಂದುತ್ತದೆ, ಕಫ ಹೊರಬರದೆ ಸೋಂಕಿಗೆ ದಾರಿಯಾಗುತ್ತದೆ.

ತೀವ್ರ ನಿಗಾ ಘಟಕದಲ್ಲಿ ರೋಗಿಯ ಶ್ವಾಸನಾಳಕ್ಕೆ ಕೊಳವೆ ತೂರಿಸಿ ವೆಂಟಿಲೇಟರ್ ಜೋಡಿಸಿದಾಗ ಗಾಳಿಯು ಮೂಗನ್ನು ಮುಟ್ಟದೆ ನೇರವಾಗಿ ಒಳಹೋಗುತ್ತದೆ. ಸಿಲಿಂಡರಿನಿಂದ ಅಥವಾ ಪೈಪಿನಿಂದ ಬರುವ ಆಮ್ಲಜನಕದಲ್ಲಂತೂ ತೇವಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೀಗೆ ಒಣಗಿದ ಕಫವು ಕೊಳವೆಯನ್ನೇ ಕಟ್ಟಿಬಿಟ್ಟರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಮೂಗಿನ ಕೆಲಸವನ್ನು ಯಂತ್ರವೇ ವಹಿಸಿಕೊಳ್ಳಬೇಕಾಗುತ್ತದೆ.

ಈ ಕೆಲಸ ಮಾಡುವ ಬಿಸಿ ಹ್ಯೂಮಿಡಿಫೈಯರಿನಲ್ಲಿ ಕಾಯುವ ತಟ್ಟೆಯೊಂದರ ಮೇಲೆ ನೀರಿನ ಪಾತ್ರೆ ಇರುತ್ತದೆ. ಗಾಳಿಯು ಆ ನೀರಿನ ಮೇಲೆ ಹಾದು 37 ಡಿಗ್ರಿಯಲ್ಲಿ ಪೂರ್ಣ ತೇವಗೊಂಡು ಹೊರಡುತ್ತದೆಯಾದರೂ, ಮುಂದಿನ ಕೊಳವೆ ತಣ್ಣಗಿದ್ದರೆ ಆವಿಯು ಅಲ್ಲಿಯೇ ಹನಿಗಟ್ಟುತ್ತದೆ. ಇದನ್ನು ತಡೆಯಲು ಕೊಳವೆಯೊಳಗೆ ಬಿಸಿ ತಂತಿಯನ್ನು ಎಳೆದು, ರೋಗಿಯ ಕಡೆಯ ತುದಿಯಲ್ಲಿ ಉಷ್ಣಾಂಶವನ್ನು ಸಾಮಾನ್ಯವಾಗಿ 40 ಡಿಗ್ರಿಯ ಹತ್ತಿರ ಇರಿಸುತ್ತಾರೆ. ಅಲ್ಲಿಂದ ದೇಹವನ್ನು ಸೇರುವಷ್ಟರಲ್ಲಿ ಗಾಳಿ ಮತ್ತೆ 37 ಡಿಗ್ರಿಗೆ ಇಳಿಯುತ್ತದೆ. ವಿದ್ಯುತ್ತಾಗಲಿ ನೀರಾಗಲಿ ಬೇಡದ ಇನ್ನೊಂದು ಸಾಧನವೂ ಉಂಟು. ಕೊಳವೆಯ ಬಾಯಿಗೆ ಸಿಕ್ಕಿಸುವ ಈ ಪುಟ್ಟ ಫಿಲ್ಟರ್ ಹೊರಬಿಟ್ಟ ಉಸಿರಿನ ಶಾಖವನ್ನೂ ತೇವವನ್ನೂ ಹಿಡಿದಿಟ್ಟು ಮುಂದಿನ ಉಸಿರಿಗೆ ಮರಳಿಸುತ್ತದೆ. ಕಫ ಹೆಚ್ಚಿರುವವರಿಗೆ, ಈ ಫಿಲ್ಟರ್ ಮುಚ್ಚಿಕೊಳ್ಳುವ ಭಯವಿರುವುದರಿಂದ, ಬಿಸಿ ಹ್ಯೂಮಿಡಿಫೈಯರೇ ಸೂಕ್ತ.

ಮೂಗಿನ ಕೊಳವೆಯ ಮೂಲಕ ನಿಮಿಷಕ್ಕೆ 60 ಲೀಟರುಗಳವರೆಗೆ ಆಮ್ಲಜನಕ ಮಿಶ್ರಿತ ಗಾಳಿ ಕೊಡುವ ಚಿಕಿತ್ಸೆಯನ್ನು ರೋಗಿ ತಾಳಿಕೊಳ್ಳುವುದು ಆ ಗಾಳಿ ಬೆಚ್ಚಗೆ, ತೇವವಾಗಿ ಇರುವುದರಿಂದಲೇ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಪರಿಚಯಿಸಿದ, ಒತ್ತಡದ ಗಾಳಿಯನ್ನು ಎಡೆಬಿಡದೆ ಊದುವ ಸಿಪ್ಯಾಪ್ ಚಿಕಿತ್ಸೆಯ ಇಂದಿನ ಯಂತ್ರಗಳಲ್ಲಿಯೂ, ಮೂಗು ಗಂಟಲು ಒಣಗದಂತೆ, ನೀರಿನ ತೊಟ್ಟಿ ಇರುವುದು ಸಾಮಾನ್ಯ.

ಬೆಚ್ಚಗಿನ ನೀರು ಸೂಕ್ಷ್ಮಜೀವಿಗಳಿಗೂ ಪ್ರಿಯವಾದ ನೆಲೆ. 2021ರ ಮೇ ತಿಂಗಳಲ್ಲಿ ಕೋವಿಡ್ ರೋಗಿಗಳಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹ್ಯೂಮಿಡಿಫೈಯರಿಗೆ ಶುದ್ಧವಾದ, ಸೋಂಕುರಹಿತ ನೀರನ್ನೇ ಬಳಸಬೇಕೆಂದು ಸೂಚಿಸಿತ್ತು. ಮನೆಯಲ್ಲಿ ಇಂಥ ಯಂತ್ರ ಬಳಸುವವರು ನಲ್ಲಿಯ ನೀರನ್ನು ಬಿಟ್ಟು ಡಿಸ್ಟಿಲ್ಡ್ ನೀರನ್ನು ಬಳಸಬೇಕು, ಉಳಿದ ನೀರನ್ನು ಪ್ರತಿದಿನ ಚೆಲ್ಲಬೇಕು, ತೊಟ್ಟಿಯನ್ನು ತೊಳೆದು ಒಣಗಿಸಬೇಕು.