ಕಪ್ಪು ಬಾಣಲೆ ಬೆಳ್ಳಗಾಯ್ತಾ?

ಹಬ್ಬದ ಎಕ್ಸ್‌ಚೇಂಜ್ ಆಫರ್‌ನಲ್ಲಿ ಹಳೇ ಪಾತ್ರೆ ಕೊಟ್ಟು ಆಸೆಯಿಂದ ಹಾರ್ಡ್ ಅನೋಡೈಸ್ಡ್ ಬಾಣಲೆ ತಂದಿರಿ. ವರ್ಷ ತುಂಬೋದರೊಳಗೆ ಅಲ್ಲಲ್ಲಿ ಬೆಳ್ಳಗಾಯ್ತು. 'ಪೇಂಟ್ ಹೋಯ್ತು, ಅಂಗಡಿಯವನು ಟೋಪಿ ಹಾಕಿದ' ಅಂತ ಬೈದುಕೊಳ್ಳುತ್ತಿದ್ದೀರಾ? ಸ್ವಲ್ಪ ತಾಳಿ. ಅದು ಪೇಂಟ್ ಅಲ್ಲವೇ ಅಲ್ಲ!

ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್‌ನ ತೆಳು ಪದರ ತಾನಾಗೇ ಕಟ್ಟಿಕೊಳ್ಳುತ್ತದೆ. ಆದರೆ ಹುಣಸೆ ಹುಳಿ, ಟೊಮೆಟೊ, ಉಪ್ಪಿನ ಮುಂದೆ ಅದರ ಆಟ ನಡೆಯದು. ಸಾದಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಾರು ಮಾಡಿದರೆ ಲೋಹದ ರುಚಿ ಬರುವುದು ಇದಕ್ಕೇ.

ಕಾರ್ಖಾನೆಯಲ್ಲಿ ಈ ಪದರವನ್ನೇ ಸಾವಿರಾರು ಪಟ್ಟು ದಪ್ಪ ಮಾಡುತ್ತಾರೆ. ಸೊನ್ನೆ ಡಿಗ್ರಿ ಆಸುಪಾಸಿನ ಗಂಧಕಾಮ್ಲದಲ್ಲಿ ಪಾತ್ರೆ ಮುಳುಗಿಸಿ ವಿದ್ಯುತ್ ಹಾಯಿಸಿದರೆ, ಮೇಲಿನ ಲೋಹವೇ ಆಕ್ಸೈಡ್ ಆಗಿ ಸುಮಾರು 25ರಿಂದ 50 ಮೈಕ್ರಾನ್ ದಪ್ಪ ಬೆಳೆಯುತ್ತದೆ. ಮೇಲೆ ಬಳಿದದ್ದಲ್ಲ, ಮರಕ್ಕೆ ತೊಗಟೆಯಂತೆ ಅದರದೇ ಮೈ. ಹಾಗಾಗಿ ಪೇಂಟಿನಂತೆ ಸುಲಿಯುವುದಿಲ್ಲ. ಮಾಣಿಕ್ಯ, ನೀಲಮಣಿಗಳಲ್ಲಿ ಇರುವುದೂ ಅಲ್ಯೂಮಿನಿಯಂ ಆಕ್ಸೈಡೇ! ಸ್ಟೀಲ್ ಸೌಟಿಗಿಂತಲೂ ಗಟ್ಟಿ.

ಹಾಗಾದರೆ ಬೆಳ್ಳಗಾಗಿದ್ದು ಯಾಕೆ? ಈ ಗಟ್ಟಿಗನಿಗೂ ಒಂದು ಶತ್ರು ಇದೆ: ಖಾರವಾದ ಕ್ಷಾರ. ವಾಷಿಂಗ್ ಸೋಡಾ, ಡಿಶ್‌ವಾಷರ್ ಪುಡಿ ಇವೆಲ್ಲ ಆಕ್ಸೈಡನ್ನು ನಿಧಾನವಾಗಿ ಕರಗಿಸುತ್ತವೆ. ಜಿಡ್ಡು ಬಿಡಲಿ ಅಂತ ರಾತ್ರಿಯಿಡೀ ಸೋಡಾ ನೀರಲ್ಲಿ ನೆನೆಹಾಕಿದರೆ ಬೆಳಗ್ಗೆ ಜಿಡ್ಡಿನ ಜೊತೆ ಕವಚವೂ ಹೋಗಿರುತ್ತದೆ.

ಬಾಣಲೆ ಬಾಳಿಕೆ ಬರಬೇಕೇ? ಹೀಗೆ ಮಾಡಿ:

* ತಳ ಹಿಡಿದಿದ್ದರೆ ಬಿಸಿನೀರು, ನಾಲ್ಕು ಹನಿ ಲಿಕ್ವಿಡ್ ಸೋಪು ಹಾಕಿ ಅರ್ಧ ಗಂಟೆ ಬಿಡಿ. ಮೆತ್ತನೆ ಸ್ಪಾಂಜ್ ಸಾಕು. ಸ್ಟೀಲ್ ನಾರು, ಮರಳು ಪುಡಿ ಬೇಡ.

* ಡಬ್ಬದ ಮೇಲೆ ಬರೆದಿಲ್ಲದಿದ್ದರೆ ಡಿಶ್‌ವಾಷರ್‌ಗೆ ಹಾಕಲೇಬೇಡಿ.

* ಹುಳಿ, ಗೊಜ್ಜು ಮಾಡಿ, ಪರವಾಗಿಲ್ಲ. ಆದರೆ ಅದರಲ್ಲೇ ಬಿಟ್ಟು ಮಲಗಬೇಡಿ, ಬೇರೆ ಪಾತ್ರೆಗೆ ಬಗ್ಗಿಸಿಡಿ.

* ಒಳಗೆ ನಾನ್‌ಸ್ಟಿಕ್ ಲೇಪವೂ ಇದ್ದರೆ ಅದು ಬೇರೆಯೇ ವಸ್ತು. ಅದಕ್ಕೆ ಮರದ ಸೌಟೇ ಸರಿ.

* ಇಂಡಕ್ಷನ್ ಒಲೆ ಇದ್ದರೆ ಕೊಳ್ಳುವಾಗಲೇ ತಳಕ್ಕೆ ಆಯಸ್ಕಾಂತ ಹಿಡಿದು ನೋಡಿ.

ಈಗಾಗಲೇ ಬೆಳ್ಳಗಾಗಿದ್ದರೆ? ಎಸೆಯಬೇಡಿ. ಹುಳಿ ಅಡುಗೆಗೆ ಮಾತ್ರ ಅದನ್ನು ಮುಟ್ಟಬೇಡಿ. ಕಡಲೆಕಾಯಿ ಹುರಿಯಲು, ರವೆ ಹುರಿಯಲು ಇನ್ನೂ ಎಷ್ಟೋ ವರ್ಷ ನಿಮ್ಮ ಜೊತೆಗಿರುತ್ತದೆ.