ಅಪ್ಪನ ಇನ್ಸುಲಿನ್, ಅಮ್ಮನ ದೋಸೆಹಿಟ್ಟು

ಕಳೆದ ದೀಪಾವಳಿಗೆ ಹಾಸನಕ್ಕೆ ಹೋದಾಗ ಮನೆಯಲ್ಲಿ ಒಂದೇ ಜಗಳ. ಮಾತ್ರೆಯಲ್ಲಿ ಅಪ್ಪನ ಶುಗರ್ ಹತೋಟಿಗೆ ಬರ್ತಿಲ್ಲ, ಇನ್ಸುಲಿನ್ ಶುರು ಮಾಡೋಣ ಅಂತ ಡಾಕ್ಟರ್ ಹೇಳಿ ಎರಡು ತಿಂಗಳಾಗಿತ್ತು. ಅಪ್ಪ ಒಪ್ಪಿರಲಿಲ್ಲ. ಸೂಜಿಗೆ ಹೆದರ್ತಿದ್ದಾರೆ ಅಂದುಕೊಂಡಿದ್ವಿ. ಪಕ್ಕದಲ್ಲಿ ಕೂತು ಕೇಳಿದೆ.

"ಅದನ್ನ ದನ, ಹಂದಿಯಿಂದ ತೆಗೀತಾರಂತೆ ಕಣೋ. ಮೊಟ್ಟೆನೂ ಮುಟ್ಟದವನು, ಈಗ ಅದನ್ನ ಮೈಗೆ ಚುಚ್ಚಿಸ್ಕೊಳ್ಳಲಾ?" ಅಂದರು.

ಅಪ್ಪ ಹೇಳಿದ್ದು ಸುಳ್ಳಲ್ಲ, ಹಳೇ ಸುದ್ದಿ ಅಷ್ಟೇ. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಆಮೇಲೆ ಸುಮಾರು ಅರವತ್ತು ವರ್ಷ ಅದನ್ನು ಕಸಾಯಿಖಾನೆಯಿಂದ ತಂದ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಸ್ವಲ್ಪ ಔಷಧಿಗೂ ರಾಶಿಗಟ್ಟಲೆ ಗ್ರಂಥಿ ಬೇಕಿತ್ತು. ಕೆಲವರಿಗೆ ಅಲರ್ಜಿಯೂ ಆಗ್ತಿತ್ತು.

ಇದನ್ನು ಬದಲಿಸಿದ್ದು ಬಯೋಟೆಕ್ನಾಲಜಿ, ಅಂದರೆ ಜೈವಿಕ ತಂತ್ರಜ್ಞಾನ. ಹೆಸರು ದೊಡ್ಡದು, ಅರ್ಥ ಸರಳ: ಜೀವಿಗಳಿಂದ, ಜೀವಕೋಶಗಳಿಂದ ನಮಗೆ ಬೇಕಾದ ಕೆಲಸ ಮಾಡಿಸಿಕೊಳ್ಳೋದು. ಅಮ್ಮ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗ್ಗೆ ಉಬ್ಬಿರೋದು ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಂದ. ಅಲ್ಲಿ ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತವೆ. ಇನ್ಸುಲಿನ್ ವಿಷಯದಲ್ಲಿ ವಿಜ್ಞಾನಿಗಳು ಒಂದು ಹೆಜ್ಜೆ ಮುಂದೆ ಹೋದರು. ಮನುಷ್ಯನ ಇನ್ಸುಲಿನ್ ತಯಾರಿಸುವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಮೆಷಿನ್‌ನ ಕೋಡನ್ನು ಇನ್ನೊಂದರಲ್ಲಿ ರನ್ ಮಾಡಿದ ಹಾಗೆ. ಆ ಬ್ಯಾಕ್ಟೀರಿಯಾವನ್ನು ದೊಡ್ಡ ಟ್ಯಾಂಕ್‌ಗಳಲ್ಲಿ ಬೆಳೆಸಿ, ಇನ್ಸುಲಿನ್ ಬೇರ್ಪಡಿಸಿ, ಶುದ್ಧ ಮಾಡುತ್ತಾರೆ. 1978ರಲ್ಲಿ ಅಮೆರಿಕದ ಲ್ಯಾಬ್‌ನಲ್ಲಿ ಇದು ಸಾಧ್ಯವಾಯ್ತು, 1982ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂತು.

ಮಕ್ಕಳಿಗೆ ಹಾಕಿಸೋ ಹೆಪಟೈಟಿಸ್ ಬಿ ಲಸಿಕೆಯೂ ಹೀಗೇ ಯೀಸ್ಟ್‌ನಲ್ಲಿ ತಯಾರಾಗುತ್ತೆ. 2002ರಿಂದ ನಮ್ಮ ಹೊಲಗಳಲ್ಲಿರೋ ಬಿಟಿ ಹತ್ತಿಯಲ್ಲಿ ಇರೋದು ಮಣ್ಣಿನ ಬ್ಯಾಕ್ಟೀರಿಯಾದ ಜೀನ್.

ಎಲ್ಲ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯೀಸ್ಟ್ ಅಂದ್ರೆ ಬ್ರೆಡ್‌ಗೆ ಹಾಕೋದಾ?"

"ಅದರ ದೂರದ ನೆಂಟ ಅಂತಿಟ್ಕೊಳ್ಳಿ ಅಪ್ಪ."

ಮಾರನೇ ವಾರ ಡಾಕ್ಟರ್ ಹತ್ರ ಹೋಗಿ, ಅವರ ಬಾಯಲ್ಲೂ ಅದೇ ಮಾತು ಕೇಳಿಸಿಕೊಂಡ ಮೇಲೆ ಒಪ್ಪಿದರು. ಈಗ ಫ್ರಿಜ್‌ನಲ್ಲಿ ದೋಸೆಹಿಟ್ಟಿನ ಡಬ್ಬಿ ಪಕ್ಕದಲ್ಲೇ ಅಪ್ಪನ ಇನ್ಸುಲಿನ್ ಇರುತ್ತೆ.

ನನಗೆ ಬೇಜಾರಾಗೋದು ಆ ಎರಡು ತಿಂಗಳ ಬಗ್ಗೆ. ಎಲ್ಲರೂ ಅಪ್ಪನಿಗೆ ಬೈದ್ವಿ, ಯಾಕೆ ಬೇಡ ಅಂತ ಯಾರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಹಿರಿಯರು ಔಷಧಿ ಬೇಡ ಅಂತಿದ್ದರೆ, ಇವತ್ತೇ ಫೋನ್ ಮಾಡಿ ಕೇಳಿ.